ಕ್ವಾರ್ಟರ್ಸ್ ಕೆಡವಿದ ಜಾಗದಿಂದ ಕೆಂಪು ನೀರು ಅಜ್ಜಿ ಮನೆ ಅಂಗಳಕ್ಕೆ. ಏನು ಮಾಡಲಿ?

ಪಾಯದಲ್ಲಿ ಬಿದ್ದವನು:

ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಒಂದು ಎಕರೆ ಜಾಗ. ಹದಿನಾರು ಹೆಂಚಿನ ಮನೆಗಳ ಹಳೇ ಕ್ವಾರ್ಟರ್ಸ್ ಇತ್ತು, ಹಿಂದೆ ಹಿತ್ತಲು, ಎರಡು ಹಲಸಿನ ಮರ. ಎಲ್ಲ ಕೆಡವಿ ಮೂರು ಬ್ಲಾಕ್ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದೇವೆ. ನಾನು ಸೈಟ್ ಸೂಪರ್‌ವೈಸರ್. ಲಾಭ ಬೇರೆಯವರಿಗೆ, ಬೈಗುಳ ನನಗೆ.

ಜಾಗ ಬಸವನಹಳ್ಳಿ ಕೆರೆ ಕಡೆಗೆ ಇಳಿಜಾರು. ಮೇಲೆ ರಸ್ತೆ, ಕೆಳಗೆ ಓಣಿ. ಪಾಯದ ಮಣ್ಣನ್ನು ಕೆಳಗಿನ ಗೇಟಿನ ಪಕ್ಕದಲ್ಲೇ ಗುಡ್ಡೆ ಹಾಕಿದ್ದೆವು, ಟಿಪ್ಪರ್ ತುಂಬಲು ಸುಲಭ ಅಂತ. ಮೃಗಶಿರ ಮಳೆ ಸುಮ್ನೆ ಹನಿದು ಹೋಯಿತು. ಆರಿದ್ರಾ ಹುಟ್ಟಿದ ಎರಡನೇ ದಿನ ಸಂಜೆ ಮುಕ್ಕಾಲು ಗಂಟೆ ಸುರಿಯಿತು ನೋಡಿ, ಅರ್ಧ ಗುಡ್ಡೆ ಓಣಿಯಲ್ಲಿ. ಎದುರು ಮನೆ ಅಜ್ಜಿಯ ಬಟ್ಟೆ ಒಗೆಯುವ ಕಲ್ಲು ಕಾಣಿಸಲೇ ಇಲ್ಲ. ತುಳಸಿಕಟ್ಟೆಯ ಬುಡದಲ್ಲಿ ಒಂದು ಗೇಣು ಕೆಸರು.

ಗೇಟಿಗೆ ಮರಳಿನ ಚೀಲ ಅಡ್ಡ ಇಟ್ಟೆ. ಮುಂದಿನ ಮಳೆಗೆ ನೀರು ಹಿಂದೆ ನಿಂತು, ಕಾಂಪೌಂಡಿನ ಅಡಿಯಿಂದ ಕೊರೆದುಕೊಂಡು ಬಂತು. ಅಜ್ಜಿ ಬೈಯಲಿಲ್ಲ. ಗಾಜಿನ ಬಾಟಲಿಯಲ್ಲಿ ಆ ನೀರು ತುಂಬಿ ಜಗಲಿಯ ಮೇಲಿಟ್ಟಿದ್ದಾರೆ. ನಾನು ಹೋದಾಗಲೆಲ್ಲ ಅದನ್ನೇ ನೋಡುತ್ತಾರೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗೇಟಿನ ಹತ್ತಿರ ದೊಡ್ಡ ಹೂಳುಗುಂಡಿ ತೋಡಿದರೆ ಸಾಕಾ?

ಹಾಸನ ಸಿವಿಲ್:

ಆ ಬಾಟಲಿಯಲ್ಲೇ ಉತ್ತರ ಇದೆ. ನಾಳೆ ಬೆಳಿಗ್ಗೆ ಹೋಗಿ ನೋಡಿ. ತಳದಲ್ಲಿ ಬೆರಳಗಲ ಮರಳು ಕೂತಿರುತ್ತದೆ, ಮೇಲಿನ ನೀರು ಇನ್ನೂ ಕೆಂಪಾಗೇ ಇರುತ್ತದೆ. ಮರಳು ನಿಮಿಷಗಳಲ್ಲಿ ಇಳಿಯುತ್ತದೆ. ಜೇಡಿಯ ನುಣುಪು ಕಣ ಇಳಿಯಲು ದಿನವೇ ಬೇಕಾಗಬಹುದು. ಹರಿಯುವ ನೀರಿಗೆ ಒಂದು ಗುಂಡಿ ಕೊಟ್ಟರೆ ಮರಳು ಮಾತ್ರ ಸಿಗುತ್ತದೆ. ಬಣ್ಣ ಓಣಿಗೇ. ಮಣ್ಣು ಏಳದ ಹಾಗೆ ನೋಡಿಕೊಳ್ಳುವುದೇ ಅಗ್ಗ. ಗುಡ್ಡೆಯನ್ನು ಮೇಲಕ್ಕೆ ಸಾಗಿಸಿ, ಟಾರ್ಪಲ್ ಹೊದಿಸಿ. ಮೂರೂ ಬ್ಲಾಕಿನ ಪಾಯ ಒಟ್ಟಿಗೆ ತೆಗೆಯಬೇಡಿ.

ಇದು ಈ ಮಳೆಗಾಲದ ಮಾತು. ಕಟ್ಟಡ ಮುಗಿದ ಮೇಲಿನದು ಬೇರೆ ಲೆಕ್ಕ. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್ ನೀರು. ಎಕರೆಗೆ 4,047 ಚದರ ಮೀಟರ್. 50 ಮಿಲಿಮೀಟರ್ ಬಿದ್ದರೆ 2 ಲಕ್ಷ ಲೀಟರ್. ಹಿತ್ತಲು ಇದ್ದಾಗ ಅದರಲ್ಲಿ ನೂರಕ್ಕೆ 40 ಪಾಲು ಹರಿದಿತ್ತು ಅಂದುಕೊಳ್ಳಿ. ಕಾಂಕ್ರೀಟು, ಟೈಲ್ಸು ಹಾಕಿದರೆ 90. ಅಲ್ಲಿಗೆ 1 ಲಕ್ಷ ಲೀಟರ್ ಜಾಸ್ತಿ, ಅಂದರೆ 6,000 ಲೀಟರಿನ ಟ್ಯಾಂಕರು ಸುಮಾರು ಹದಿನೇಳು. ಮೋರಿ ಮಾತ್ರ ಅದೇ ಹಳೇದು. ಕೇಂದ್ರ ಸರ್ಕಾರ 2019ರಲ್ಲಿ ತಂದ ಮಳೆನೀರು ಚರಂಡಿ ಕೈಪಿಡಿಯಲ್ಲೂ ನೆಲದ ಗುಣ, ಮಳೆಯ ರಭಸ, ವಿಸ್ತೀರ್ಣ, ಇವನ್ನು ಗುಣಿಸುವ ಲೆಕ್ಕವೇ ಇರುವುದು.

ಪಾರ್ಕಿಂಗ್ ಕೆಳಗೆ 10 ಮೀಟರ್ ಉದ್ದ, 5 ಅಗಲ, 2 ಆಳದ ತೊಟ್ಟಿ ಕಟ್ಟಿದರೆ ಆ 1 ಲಕ್ಷ ಲೀಟರ್ ಹಿಡಿಯುತ್ತದೆ. ತಳದಲ್ಲಿ ಸಣ್ಣ ಪೈಪು, ನೀರು ನಿಧಾನಕ್ಕೆ ಮೋರಿಗೆ ಹೋಗಲಿ. ಅದನ್ನು ಸಂಪು ಅಂತ ಮಾತ್ರ ಕರೆಯಬೇಡಿ. ಸಂಪು ಅಂದ ಕೂಡಲೇ ಜನ ತುಂಬಿಸಿ ಇಡುತ್ತಾರೆ. ತುಂಬಿದ ತೊಟ್ಟಿಗೆ ಮಳೆ ಬಂದರೆ ಏನು ಪ್ರಯೋಜನ?

ತೋಟದ ರೈಟರ್:

ಮೂಡಿಗೆರೆ ಕಡೆಯವನು ನಾನು. ಇಂಜಿನಿಯರ್ ಅಲ್ಲ. ಕಾಫಿ ತೋಟದಲ್ಲಿ ನಾವು ನೀರನ್ನು ಗೇಟಿನಲ್ಲಿ ಹಿಡಿಯಲು ಹೋಗುವುದಿಲ್ಲ, ಅಷ್ಟೊತ್ತಿಗೆ ಅದಕ್ಕೆ ಕೊಬ್ಬು ಬಂದಿರುತ್ತದೆ. ಗಿಡದ ಸಾಲುಗಳ ಮಧ್ಯೆ, ಇಳಿಜಾರಿಗೆ ಅಡ್ಡವಾಗಿ ತೊಟ್ಟಿಲು ಗುಂಡಿ ತೆಗೆಯುತ್ತೇವೆ. ಒಂದಡಿ ಅಗಲ, ಒಂದೂವರೆ ಅಡಿ ಆಳ. ಮೇಲಿನ ಎರಡು ಗುಂಡಿಯ ಸಂದಿಗೆ ಕೆಳಗಿನದು ಬರಬೇಕು. ಒಂದು ತಪ್ಪಿಸಿದ್ದನ್ನು ಇನ್ನೊಂದು ಹಿಡಿಯುತ್ತದೆ. ನಿಮ್ಮ ಖಾಲಿ ಜಾಗದಲ್ಲಿ ಹೀಗೆ ನಾಲ್ಕು ಸಾಲು ಹೊಡೆಯಿರಿ, ಪಾಯದಿಂದ ದೂರ ಇರಲಿ.

ಒಂದು ಕೇಳುತ್ತೇನೆ. ಕ್ವಾರ್ಟರ್ಸ್ ಇದ್ದಾಗ ಮೇಲಿನ ರಸ್ತೆ ನೀರು ಎಲ್ಲಿಗೆ ಹೋಗುತ್ತಿತ್ತು?

ಎರಡು ಸಲ ಜಾರಿದವಳು:

ಮೋರಿ ಕಥೆ ಆಮೇಲೆ ನೋಡಿ. ಮೊದಲು ನಿಮ್ಮ ಟಿಪ್ಪರ್ ಚಕ್ರ ನೋಡಿ. ಹಾಸನದ ನಮ್ಮ ರಸ್ತೆಯಲ್ಲಿ ಇಂಥದ್ದೇ ಒಂದು ಸೈಟಿನ ಕೆಸರಲ್ಲಿ ನನ್ನ ಸ್ಕೂಟಿ ಎರಡು ಸಲ ಮಲಗಿದೆ. ಗೇಟಿನ ಒಳಗೆ ದಪ್ಪ ಜಲ್ಲಿ ಹಾಸಿ, ಅದರ ಮೇಲೆ ಚಕ್ರ ಉರುಳಿಸಿಕೊಂಡು ಹೊರಗೆ ಬರಲಿ. ದಯವಿಟ್ಟು ರಸ್ತೆಗೆ ಪೈಪು ಹಿಡಿದು ತೊಳೆಯಬೇಡಿ, ಅದೂ ಮೋರಿಗೇ ಅಲ್ವಾ ಹೋಗುವುದು?

ಪಾಯದಲ್ಲಿ ಬಿದ್ದವನು:

ರೈಟರ್ ಸರ್, ನಿಮ್ಮ ಪ್ರಶ್ನೆ ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಬೆಳಿಗ್ಗೆ ಅಜ್ಜಿಯನ್ನೇ ಕೇಳಿದೆ. "ಹಲಸಿನ ಮರದ ಪಕ್ಕ ಕಲ್ಲುಚಪ್ಪಡಿ ಚರಂಡಿ ಇತ್ತಲ್ಲಪ್ಪ, ಅದನ್ನೇನು ಮಾಡಿದ್ರಿ?" ಅಂದರು. ಮುಚ್ಚಿದ್ದೇ ನಾವು. ಕೆಡವಿದ ಗೋಡೆಯ ಇಟ್ಟಿಗೆ, ಗಾರೆ ಎಲ್ಲ ಜೆಸಿಬಿಯಲ್ಲಿ ಅದರೊಳಗೆ ತಳ್ಳಿಸಿದ್ದೆ. ಜಾಗ ಮಟ್ಟ ಆಯಿತು ಅಂತ ಖುಷಿ ಬೇರೆ ಪಟ್ಟಿದ್ದೆ. ಇಡೀ ರಸ್ತೆಯ ನೀರು ನಮ್ಮ ಪಾಯ ಹೊಕ್ಕು ಬರುತ್ತಿತ್ತು.

ಎರಡು ದಿನ ಆಳು ಹಚ್ಚಿ ಚರಂಡಿ ಬಿಡಿಸಿದೆವು. ಚಪ್ಪಡಿ ಒಂದೂ ಒಡೆದಿಲ್ಲ.

ಹಾಸನ ಸಿವಿಲ್:

ಮುಕ್ಕಾಲು ಕೆಲಸ ಅಲ್ಲೇ ಆಯಿತು. ಇನ್ನೊಂದು ಮಾತು. ನಕ್ಷೆಯಲ್ಲಿ ಇಂಗುಗುಂಡಿ ಇದ್ದರೆ ಆ ಜಾಗಕ್ಕೆ ಈಗಲೇ ಹಗ್ಗ ಕಟ್ಟಿ, ಜೆಸಿಬಿ ಓಡಾಡಿ ನೆಲ ಗಟ್ಟಿಯಾಗಬಾರದು. ಗುಂಡಿ ಕೊನೆಗೆ ತೋಡಿ. ಈಗಲೇ ತೋಡಿ ಕೆಸರು ನೀರು ಬಿಟ್ಟರೆ ಮಣ್ಣಿನ ರಂಧ್ರ ಕಟ್ಟಿಕೊಂಡು ಆಮೇಲೆ ಬರೀ ಸೊಳ್ಳೆ ಸಾಕಬೇಕು. ಸದ್ಯಕ್ಕೆ ಅಲ್ಲಿ ಒಂದಡಿಯ ಸಣ್ಣ ಗುಂಡಿ ತೆಗೆದು ತಿಳಿನೀರು ತುಂಬಿ. ಒಮ್ಮೆ ಇಂಗಿದ ಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಂಚು ಇಳಿಯಿತು ಅಂತ ಬರೆದಿಡಿ.

ಪಾಯದಲ್ಲಿ ಬಿದ್ದವನು:

ಹಗ್ಗ ಕಟ್ಟಿಸಿದೆ. ಜಲ್ಲಿ ಬಂದಿದೆ. ತೊಟ್ಟಿಲು ಗುಂಡಿ ಮೂರು ಸಾಲು ಮುಗಿದಿದೆ. ತೊಟ್ಟಿಯ ಲೆಕ್ಕ ಮಾಲೀಕರಿಗೆ ತೋರಿಸಿದೆ, ಎರಡು ಪಾರ್ಕಿಂಗ್ ಹೋಗುತ್ತದಾ ಅಂತ ಮೂರು ಸಲ ಕೇಳಿದರು. ಹೋಗುವುದಿಲ್ಲ, ಕೆಳಗಿರುತ್ತದೆ ಅಂದೆ. ಯೋಚಿಸುತ್ತೇನೆ ಅಂದಿದ್ದಾರೆ.

ನಿನ್ನೆ ರಾತ್ರಿ ಜೋರು ಮಳೆ. ಬೆಳಿಗ್ಗೆ ಜಗಲಿಯ ಮೇಲೆ ಎರಡು ಬಾಟಲಿ ಇತ್ತು. ಹಳೇದು ಡಿಕಾಕ್ಷನ್, ಹೊಸದು ಹಾಲು ಜಾಸ್ತಿಯಾದ ಟೀ. "ಇನ್ನೂ ಪಾಸಾಗಿಲ್ಲ" ಅಂದರು ಅಜ್ಜಿ. ನಾಲ್ಕನೇ ಸಾಲು ಇವತ್ತು ತೋಡಿಸುತ್ತಿದ್ದೇನೆ.