ಆಡಿಟರ್ ಮಧ್ಯದಲ್ಲೇ ಬಿಟ್ಟು ಹೋದರೆ? ಸಿಎ ಜೊತೆ ಪ್ರಶ್ನೋತ್ತರ

ಭಾರತಿ, ಹಾಸನ: ನಮಸ್ಕಾರ ಸಾರ್. ರಿಟೈರ್ ಆದಾಗ ಬಂದ ದುಡ್ಡಲ್ಲಿ ನಮ್ಮ ಮಾವ ಒಂದೇ ಕಂಪನಿಯ ಷೇರು ತಗೊಂಡಿದ್ದಾರೆ. ಕಂಪನಿ ಹೆಸರು ಬೇಡ. ಅದರ ಆಡಿಟರ್ ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟಿದ್ದಾರೆ. ಬ್ಯಾಂಕಲ್ಲಿ 210 ಕೋಟಿ ಇದೆ ಅಂತ ಬ್ಯಾಲೆನ್ಸ್ ಶೀಟಲ್ಲಿದೆ. ಹೆದರಬೇಕಾ?

ಗಿರೀಶ, ದಾವಣಗೆರೆ: ದೊಡ್ಡ ನಾಲ್ಕು ಆಡಿಟ್ ಸಂಸ್ಥೆಗಳಲ್ಲಿ ಒಂದು ಸಹಿ ಹಾಕಿದ್ದರೆ ಭಯವಿಲ್ಲ ಅಂತ ಮೆಸೇಜ್ ಬಂದಿದೆ. ಇಲ್ಲಿ ಹಾಕಲಾ?

ಸಿಎ ಶ್ರೀನಿವಾಸ: ಬೇಡ ಗಿರೀಶ. ಐಟಿ ಕಂಪನಿ ಸತ್ಯಂಗೆ ಸಹಿ ಹಾಕಿದ್ದು ಪ್ರೈಸ್ ವಾಟರ್‌ಹೌಸ್. ಜರ್ಮನಿಯ ಪೇಮೆಂಟ್ ಕಂಪನಿ ವೈರ್‌ಕಾರ್ಡ್‌ಗೆ ಇವೈ. ಎರಡೂ ದೊಡ್ಡ ನಾಲ್ಕರ ಬಳಗದವು, ಆದರೂ ಎರಡೂ ಕಂಪನಿಗಳ ಲೆಕ್ಕ ಸುಳ್ಳಾಗಿತ್ತು. ಭಾರತಿ ಅವರೇ, ಲಾಭ-ನಷ್ಟದ ಪಟ್ಟಿಯಲ್ಲಿ 'ಇತರ ಆದಾಯ' ಅಂತ ಒಂದು ಸಾಲಿರುತ್ತೆ. ಪಕ್ಕದಲ್ಲಿ ನೋಟ್ (ಹಿಂದಿನ ಪುಟಗಳಲ್ಲಿರುವ ವಿವರಣೆ) ನಂಬರ್ ಇರುತ್ತೆ. ಆ ನೋಟ್ ತೆಗೆದು ಬ್ಯಾಂಕ್ ಬಡ್ಡಿ ಎಷ್ಟು ಬಂದಿದೆ ನೋಡಿ. ಸಾಲ ಎಷ್ಟಿದೆ ಅಂತಲೂ ಹೇಳಿ.

ಭಾರತಿ: ಬಡ್ಡಿ 1.8 ಕೋಟಿ. ಸಾಲ 190 ಕೋಟಿ.

ಶಾಂತಲಾ, ಮೈಸೂರು: ಷೇರಿಗೆ ನಾಮಿನಿ ಸೇರಿಸೋದು ಹೇಗೆ ಸಾರ್?

ಸಿಎ ಶ್ರೀನಿವಾಸ: ಭಾರತಿ ಅವರೇ, ಇದು ನನಗೂ ಆತಂಕದ ವಿಷಯ. 210 ಕೋಟಿ ವರ್ಷವಿಡೀ 6 ಪರ್ಸೆಂಟ್ ಎಫ್‌ಡಿಯಲ್ಲಿದ್ದರೆ 12 ಕೋಟಿಗೂ ಜಾಸ್ತಿ ಬಡ್ಡಿ ಬರಬೇಕು. ಮೋಸ ಅಂತ ಈಗಲೇ ಹೇಳಲ್ಲ. ಕರೆಂಟ್ ಅಕೌಂಟಲ್ಲಿಟ್ಟರೆ ಬಡ್ಡಿ ಬರಲ್ಲ. ದುಡ್ಡು ಮಾರ್ಚ್ ಕೊನೆಗೆ ಬಂದು ಏಪ್ರಿಲ್‌ನಲ್ಲಿ ಹೋಗಿರಲೂಬಹುದು. ಹಾಗಾಗಿ ಸೆಪ್ಟೆಂಬರ್ 30ರ ಲೆಕ್ಕದ ಜೊತೆ ಹೋಲಿಸಿ. ಲಿಸ್ಟ್ ಆದ ಕಂಪನಿ ಅರ್ಧ ವರ್ಷಕ್ಕೂ ಆಸ್ತಿ-ಸಾಲದ ಪಟ್ಟಿ ಕೊಡಲೇಬೇಕು. ಆದರೆ ಅಷ್ಟು ದುಡ್ಡು ಕೈಯಲ್ಲಿಟ್ಟುಕೊಂಡು 190 ಕೋಟಿ ಸಾಲಕ್ಕೆ ಯಾಕೆ ಬಡ್ಡಿ ಕಟ್ಟುತ್ತಾರೆ? ಮನೆಯಲ್ಲಿ ನಾವು ಹಾಗೆ ಮಾಡ್ತೀವಾ?

2009ರ ಜನವರಿ 7ರಂದು ಸತ್ಯಂ ಸ್ಥಾಪಕ ರಾಮಲಿಂಗ ರಾಜು ತಪ್ಪೊಪ್ಪಿಕೊಂಡು ಬರೆದ ಪತ್ರದಲ್ಲಿ ಇದ್ದದ್ದೂ ಬ್ಯಾಂಕಲ್ಲಿರುವ ಹಣದ ವಿಷಯವೇ. ಲೆಕ್ಕದಲ್ಲಿ ತೋರಿಸಿದ್ದ ಹಣದಲ್ಲಿ 5,040 ಕೋಟಿ ಇರಲೇ ಇಲ್ಲ. 2020ರ ಜೂನ್‌ನಲ್ಲಿ ವೈರ್‌ಕಾರ್ಡ್‌ನ 190 ಕೋಟಿ ಯೂರೊ ಹುಡುಕಿದಾಗ ಫಿಲಿಪ್ಪೀನ್ಸ್‌ನ ಎರಡು ಬ್ಯಾಂಕುಗಳು 'ಇವರು ನಮ್ಮ ಗ್ರಾಹಕರೇ ಅಲ್ಲ' ಅಂದವು. ಆಡಿಟರ್ ಬ್ಯಾಂಕಿನಿಂದ ನೇರವಾಗಿ ಪತ್ರ ತರಿಸಿಕೊಂಡರೆ ಗೊತ್ತಾಗುವ ವಿಷಯ ಇದು. ಹಾಗಾಗಿ ಇಂಥ ಸಮಯದಲ್ಲಿ ಆಡಿಟರ್ ಹೋದರೆ ನಾನು ಅದನ್ನು ಹಗುರವಾಗಿ ತಗೊಳ್ಳಲ್ಲ.

ರಾಜೀನಾಮೆಗೆ ಆಡಿಟರ್ ಕೊಟ್ಟ ಕಾರಣ ಕೈಸೇರಿದ 24 ಗಂಟೆಯೊಳಗೆ ಕಂಪನಿ ಅದನ್ನು ಸ್ಟಾಕ್ ಎಕ್ಸ್‌ಚೇಂಜಿಗೆ ತಿಳಿಸಬೇಕು. ಎಕ್ಸ್‌ಚೇಂಜ್ ವೆಬ್‌ಸೈಟಲ್ಲಿ ಆಡಿಟರ್ ಪತ್ರವನ್ನೇ ಓದಿ. ಕಂಪನಿ ಬರೆದ ಎರಡು ಸಾಲು ಸಾಲದು. ಪ್ರಮೋಟರ್‌ಗೆ (ಕಂಪನಿಯ ಹಿಡಿತ ಇರುವ ಮಾಲೀಕರಿಗೆ) ಸೇರಿದ ಬೇರೆ ಕಂಪನಿಗಳಿಗೆ ಎಷ್ಟು ಸಾಲ ಕೊಟ್ಟಿದ್ದಾರೆ ಅನ್ನೋ ನೋಟ್ ಕೂಡ ನೋಡಿ.

ಮಂಜುನಾಥ, ಮ್ಯೂನಿಕ್: ಇಲ್ಲಿ 2,000ಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಜನ ನೌಕರರ ಕಡೆಯವರು. ನಮ್ಮಲ್ಲಿ ಕಂಪನಿ ಮೇಲೆ ಕಣ್ಣಿಡಬೇಕಾದ ಸ್ವತಂತ್ರ ನಿರ್ದೇಶಕರು ಅಂದರೆ ಪ್ರಮೋಟರ್ ಸ್ನೇಹಿತರು.

ರಾಘವೇಂದ್ರ, ಹುಬ್ಬಳ್ಳಿ: ವೈರ್‌ಕಾರ್ಡ್ ನಿಮ್ಮ ಮ್ಯೂನಿಕ್ ಪಕ್ಕದ್ದೇ ಅಲ್ವಾ? 2019ರಲ್ಲಿ ನಿಮ್ಮ ಹಣಕಾಸು ನಿಯಂತ್ರಕ ಸಂಸ್ಥೆ ಬಾಫಿನ್, ಅಲ್ಲಿನ ಅಕ್ರಮದ ಬಗ್ಗೆ ಬರೆದ ಪತ್ರಕರ್ತರ ಮೇಲೇ ದೂರು ಕೊಟ್ಟಿತ್ತು.

ಮಂಜುನಾಥ: ಒಂದು ಕೇಸ್ ಹಿಡ್ಕೊಂಡು ಮಾತಾಡಬೇಡಿ. ಆಮೇಲೆ ಕಾನೂನು ಬಿಗಿ ಮಾಡಿದ್ದಾರೆ.

ರಾಘವೇಂದ್ರ: ನಾವೂ ಮಾಡಿದ್ವಿ. 2013ರ ಕಂಪನಿ ಕಾಯ್ದೆ ಪ್ರಕಾರ ಲಿಸ್ಟ್ ಆದ ಕಂಪನಿಯಲ್ಲಿ 10 ವರ್ಷಕ್ಕೆ ಆಡಿಟ್ ಸಂಸ್ಥೆ ಬದಲಾಗಲೇಬೇಕು.

ಮಂಜುನಾಥ: ಕಾಗದದ ಮೇಲೆ ಎಲ್ಲಾ ಇದೆ.

ರಾಘವೇಂದ್ರ: ಇಲ್ಲಿ ದುಡ್ಡು ಹಾಕಿರೋರು ನಾವು. ದೂರ ಕೂತು ಪಾಠ ಹೇಳಬೇಡಿ.

ದೀಪಾ, ಡಲ್ಲಾಸ್: ಅದೇ ವ್ಯವಹಾರಕ್ಕೆ ಅಮೆರಿಕದ ನಿಯಮದಲ್ಲಿ ಒಂದು ಲಾಭ, ಭಾರತದ ನಿಯಮದಲ್ಲಿ ಇನ್ನೊಂದು. ಯಾಕೆ ಸಾರ್?

ಸಿಎ ಶ್ರೀನಿವಾಸ: ನಿಯಮ ಬೇರೆ. ಹೊಸ ಉತ್ಪನ್ನ ಬೆಳೆಸುವ ಖರ್ಚನ್ನು ಅಲ್ಲಿ ಹೆಚ್ಚಾಗಿ ಅದೇ ವರ್ಷ ಕಳೆಯುತ್ತಾರೆ. ಇಲ್ಲಿ ಷರತ್ತು ಪೂರೈಸಿದರೆ ಆಸ್ತಿ ಅಂತ ತೋರಿಸಬೇಕು, ಹಾಗಾಗಿ ಆ ವರ್ಷದ ಲಾಭ ಇಲ್ಲಿ ಜಾಸ್ತಿ ಕಾಣುತ್ತೆ.

ಪ್ರಕಾಶ, ತುಮಕೂರು: ಆಡಿಟರ್ ಬದಲಾದ್ರೆ ಷೇರು ಮಾರಬೇಕಾ?

ಸಿಎ ಶ್ರೀನಿವಾಸ: ಮೇಲೆ ಓದಿ. ಅವಧಿ ಮುಗಿದು ಬದಲಾಗೋದು ಬೇರೆ, ಮಧ್ಯದಲ್ಲಿ ಬಿಡೋದು ಬೇರೆ.

ಗಿರೀಶ: ಕ್ಲೀನ್ ಆಡಿಟ್ ರಿಪೋರ್ಟ್ ಇದ್ದರೆ ದುಡ್ಡಿಗೆ ಸರ್ಕಾರದ ಗ್ಯಾರಂಟಿ ಅಂತ ಇನ್ನೊಂದು ಮೆಸೇಜ್...

ಸಿಎ ಶ್ರೀನಿವಾಸ: ಗಿರೀಶ, ಸಾಕು. ಆಡಿಟ್ ಯಾರ ಗ್ಯಾರಂಟಿಯೂ ಅಲ್ಲ. ಇದನ್ನು ನಂಬಿ ಯಾರಾದರೂ ದುಡ್ಡು ಕಳೆದುಕೊಂಡರೆ ಮೆಸೇಜ್ ಕಳಿಸಿದವರು ಬರಲ್ಲ. ಇನ್ನೊಂದು ಹಾಕಿದರೆ ನಾನು ಉತ್ತರ ಕೊಡಲ್ಲ.

ಶಾಂತಲಾ: ಸಾರ್, ನಾಮಿನಿ?

ಭಾರತಿ: ಪತ್ರ ಸಿಕ್ಕಿತು ಸಾರ್. 'ಠೇವಣಿಗಳ ಬಗ್ಗೆ ಕೇಳಿದ ದಾಖಲೆ ಪೂರ್ತಿ ಸಿಗಲಿಲ್ಲ' ಅಂತ ಮೂರನೇ ಪ್ಯಾರಾದಲ್ಲಿದೆ.

ಸಿಎ ಶ್ರೀನಿವಾಸ: ಆ ಸಾಲನ್ನು ಮಾವನವರಿಗೆ ಇವತ್ತೇ ಓದಿ ಹೇಳಿ. ರಿಟೈರ್ ಆದ ದುಡ್ಡು ಒಂದೇ ಕಂಪನಿಯಲ್ಲಿರೋದು ಮೊದಲೇ ಸರಿಯಿಲ್ಲ. ನನ್ನ ನಂಬರ್ ಕಳಿಸಿದ್ದೇನೆ, ಸಂಜೆ ಅವರ ಕೈಲೇ ಫೋನ್ ಮಾಡಿಸಿ.