'ಲ್ಯೂಕ್‌ವಾರ್ಮ್' ನೀರಿಗೆ ಉಗುರು ಬೆಚ್ಚಗೆ ಅನ್ನುತ್ತೇವೆ, ಮನಸ್ಸಿಗೆ ಏನು ಅನ್ನೋಣ?

ಮೈಸೂರಿನ ಅನುವಾದಕಿ:

ಒಂದು ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನದಿಂದ ಒಂದೇ ಸಾಲಿನಲ್ಲಿ ನಿಂತುಬಿಟ್ಟಿದ್ದೇನೆ. ಮಗಳು ಊರು ಬಿಟ್ಟು ಓದಲು ಹೋಗುತ್ತೇನೆ ಅನ್ನುತ್ತಾಳೆ. ಅಪ್ಪ ಬೇಡ ಅನ್ನುವುದಿಲ್ಲ, ಖುಷಿಯನ್ನೂ ಪಡುವುದಿಲ್ಲ. ಈ ಅಪ್ಪನಿಗೆ ಕಥೆಯಲ್ಲಿ ಬಳಸಿರುವ ಮಾತು 'ಲ್ಯೂಕ್‌ವಾರ್ಮ್'. 'ಉಗುರು ಬೆಚ್ಚಗಿನ ಒಪ್ಪಿಗೆ' ಅಂತ ಬರೆದು ಅಮ್ಮನಿಗೆ ಓದಿ ಹೇಳಿದೆ. "ಉಗುರು ಬೆಚ್ಚಗಿದ್ದರೆ ಒಳ್ಳೇದೇ ಅಲ್ವಾ?" ಅಂದರು.

ಅಮ್ಮ ಹೇಳಿದ್ದು ಸರಿ. ನಮ್ಮಜ್ಜಿ ರಾತ್ರಿ ಹಾಲಿಗೆ ಹೆಪ್ಪು ಹಾಕುವ ಮುಂಚೆ ಕಿರುಬೆರಳನ್ನು ಉಗುರು ಮುಳುಗುವಷ್ಟು ಅದ್ದಿ, ಮನಸ್ಸಿನಲ್ಲೇ ಹತ್ತು ಎಣಿಸುತ್ತಿದ್ದರು. ಅಷ್ಟು ಹೊತ್ತು ಬೆರಳು ಇಡಲು ಆದರೆ ಹದ ಬಂತು ಅಂತ. ಬಿಸಿ ಜಾಸ್ತಿಯಾದರೆ ಹೆಪ್ಪು ಸತ್ತೇ ಹೋಗುತ್ತದೆ. ತೀರಾ ತಣ್ಣಗಾಗಿದ್ದರೆ ಬೆಳಗ್ಗೆ ಎದ್ದು ನೋಡಿದಾಗಲೂ ಹಾಲು ಹಾಲಾಗೇ ಇರುತ್ತದೆ. ಕೂಸಿಗೆ ನೀರು ಹಾಕುವಾಗ, ಗಂಟಲು ಕೆಟ್ಟರೆ ಉಪ್ಪುನೀರು ಮುಕ್ಕಳಿಸುವಾಗ ಬೇಕಾಗುವುದೂ ಇದೇ ಬಿಸಿ. ನನ್ನ ಕಿವಿಗೆ ಇದು ಅಕ್ಕರೆಯ ಮಾತು. ಮಗಳ ಆಸೆಗೆ ಅರ್ಧ ತಲೆಯಾಡಿಸುವ ಅಪ್ಪನಿಗೆ ಇದನ್ನು ಹೇಗೆ ಅಂಟಿಸಲಿ? ನಿಮ್ಮ ಮನೆಯಲ್ಲಿ ಇಂಥ ಹೊತ್ತಿಗೆ ಏನನ್ನುತ್ತೀರಿ?

ಹಳೇ ಸುದ್ದಿಮನೆಯವನು:

ಪತ್ರಿಕೆಯಲ್ಲಾದರೆ ಇದಕ್ಕೆ ಸಿದ್ಧ ಉತ್ತರ ಇದೆ: 'ಬಂದ್‌ಗೆ ನೀರಸ ಪ್ರತಿಕ್ರಿಯೆ'. ಇದನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನೀರಸಕ್ಕೂ ನೀರಿಗೂ ಸಂಬಂಧ ಇಲ್ಲ. ರಸ ಇಲ್ಲದ್ದು ನೀರಸ. ಇದರ ಜೊತೆಗೆ 'ಸಪ್ಪೆ' ಇಟ್ಟು ನೋಡಿ. ಸಾರಿಗೆ ಉಪ್ಪು ಬೀಳದಿದ್ದರೆ ಸಪ್ಪೆ, ಹುಡುಗನ ಮುಖವೂ ಸಪ್ಪೆ, ಜನ ಸೇರದ ಸಭೆಯೂ ಸಪ್ಪೆ. ಉತ್ಸಾಹ ಇಲ್ಲ ಅನ್ನುವುದನ್ನು ನಾವು ಬೆರಳಿನಿಂದ ಅಲ್ಲ, ನಾಲಿಗೆಯಿಂದ ಅಳೆಯುತ್ತೇವೆ.

ಬಿಸಿಯ ಲೆಕ್ಕ ಕನ್ನಡದಲ್ಲಿ ಬೇರೆಯೇ. 'ಬೆಲೆ ಏರಿಕೆಯ ಬಿಸಿ' ಅಂದರೆ ಕಷ್ಟ. 'ನಿನ್ನ ಹೊಟ್ಟೆ ತಣ್ಣಗಿರಲಿ' ಅಂದರೆ ಹರಕೆ. ಚುನಾವಣೆಗೆ ಮಾತ್ರ 'ಕಾವು' ಏರುತ್ತದೆ, ಇಳಿಯುತ್ತದೆ. 'ಪ್ರಚಾರ ಇನ್ನೂ ಕಾವೇರಿಲ್ಲ' ಅನ್ನಬಹುದು. ಆದರೆ ಅದು ಊರಿನ ಮಾತು, ಒಬ್ಬ ಅಪ್ಪನಿಗೆ ಹೊಂದುವುದಿಲ್ಲ.

ಇಂಗ್ಲಿಷಿನಲ್ಲಿ ಈ ಮಾತಿಗೆ ಇಷ್ಟು ಕಹಿ ಇರುವುದರ ಹಿಂದೆ ಬೈಬಲೂ ಇದೆ. ಅದರ ಕೊನೆಯ ಪುಸ್ತಕ 'ಪ್ರಕಟಣೆ'ಯ 3ನೇ ಅಧ್ಯಾಯದಲ್ಲಿ ಲವೊದಿಕೀಯ ಊರಿನ ಕ್ರೈಸ್ತ ಸಭೆಗೆ ಬೈಗುಳ ಬರುತ್ತದೆ. ನೀನು ತಣ್ಣಗೂ ಇಲ್ಲ, ಬಿಸಿಯೂ ಇಲ್ಲ, ಅದಕ್ಕೇ ಬಾಯಿಂದ ಉಗುಳುತ್ತೇನೆ ಅಂತ. ಆ ಕಹಿ ನಮ್ಮ ಉಗುರು ಬೆಚ್ಚಗೆ ಅನ್ನುವುದಕ್ಕೆ ಅಂಟಿಲ್ಲ. ನನ್ನ ಸಲಹೆ: ಅಪ್ಪ ಒಲ್ಲದ ಮನಸ್ಸಿನಿಂದ ಹೂಂ ಅಂದ.

ಪುತ್ತೂರು ಕಡೆಯವಳು:

ನಮ್ಮ ಹವ್ಯಕ ಮಾತಿನಲ್ಲಿ ಬಿಸಿ ಅಂದರೆ ಬೆಶಿ, ಹಾಗಾಗಿ 'ಉಗುರು ಬೆಶಿ'. ಮನೆಯ ಅಂಗಳ ದಾಟಿ ತುಳು ಆಡುವವರ ಹತ್ತಿರ 'ಬೆಚ್ಚ ನೀರ್' ಕೇಳಿದರೆ ಬಿಸಿನೀರೇ ಬರುತ್ತದೆ! ತೆಲುಗಿನವರು 'ಗೋರುವೆಚ್ಚನಿ' ಅನ್ನುತ್ತಾರೆ. ಗೋರು ಅಂದರೆ ಉಗುರು. ಅವರೂ ನಿಮ್ಮಜ್ಜಿಯ ಹಾಗೆ ಬೆರಳು ಅದ್ದಿ ನೋಡಿದವರೇ ಇರಬೇಕು.

ಇನ್ನೊಂದು ವಿಷಯ. ನಮ್ಮ ಮಾವ ತೋಟದಿಂದ ಬರುವುದು ತಡವಾದರೆ ಲೋಟದಲ್ಲಿ ಕಾಫಿ ಕೂತಿರುತ್ತದೆ. ಬೆರಳಿಟ್ಟು ನೋಡಿದರೆ ಹೆಪ್ಪು ಹಾಕುವ ಹಾಲಿನಷ್ಟೇ ಬಿಸಿ. ಆದರೆ ಅದನ್ನು ಯಾರೂ ಉಗುರು ಬೆಚ್ಚಗಿನ ಕಾಫಿ ಅನ್ನುವುದಿಲ್ಲ. 'ಆರಿದ ಕಾಫಿ' ಅನ್ನುತ್ತೇವೆ. ಬಿಸಿ ಅಷ್ಟೇ, ಮಾತು ಮಾತ್ರ ಬೇರೆ. ಬೇಕು ಅಂತ ಹದ ಮಾಡಿದ್ದು ಬೆಚ್ಚಗೆ, ನೋಡುವವರಿಲ್ಲದೆ ಇಳಿದುಹೋದದ್ದು ಆರಿದ್ದು. ದೀಪವೂ ಆರುತ್ತದೆ, ಉತ್ಸಾಹವೂ ಆರುತ್ತದೆ. ನಿಮ್ಮ ಕಥೆಯ ಅಪ್ಪನಿಗೆ ಮೊದಲು ಆಸೆ ಇತ್ತಾ? ಇದ್ದು ಹೋಯಿತಾ, ಅಥವಾ ಇರಲೇ ಇಲ್ಲವಾ?

ಮೈಸೂರಿನ ಅನುವಾದಕಿ:

ಆ ಕಾಫಿ ಲೋಟದ ಮಾತು ಓದಿ ಕಥೆಯನ್ನು ಮತ್ತೆ ಮೊದಲಿಂದ ಓದಿದೆ. ಎರಡನೇ ಪುಟದಲ್ಲಿ ಒಂದು ಸಾಲು ಇದೆ, ನಾನು ಗಮನಿಸಿಯೇ ಇರಲಿಲ್ಲ. ಮಗಳಿಗೆ ಮೊದಲ ಅಟ್ಲಾಸ್ ತಂದುಕೊಟ್ಟವನು ಇದೇ ಅಪ್ಪ. ಅಂದರೆ ಒಂದು ಕಾಲದಲ್ಲಿ ಬಿಸಿ ಇತ್ತು. ಹಾಗಾಗಿ 'ಸಪ್ಪೆ'ಯನ್ನೂ 'ಒಲ್ಲದ ಮನಸ್ಸ'ನ್ನೂ ಬಿಟ್ಟೆ. ಸುದ್ದಿಮನೆಯವರು ಬೇಸರ ಮಾಡಿಕೊಳ್ಳಬಾರದು, ನಿಮ್ಮ ನಾಲಿಗೆಯ ಮಾತು ನನಗೆ ಬೇರೆ ಕಡೆ ಖಂಡಿತ ಬೇಕಾಗುತ್ತದೆ.

ಈಗ ಹೀಗೆ ಬರೆದಿದ್ದೇನೆ: "ಅಪ್ಪ ಹೂಂ ಅಂದ. ಆರಿದ ದನಿ." ಅಮ್ಮನಿಗೆ ಓದಿ ಹೇಳಿದೆ. ಈ ಸಲ ಅವರು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಪಾಪ, ಆ ಹುಡುಗಿ" ಅಂದರು.