ಬಿಲ್ಲು ಕೊಟ್ಟು ಎಷ್ಟು ದಿನ ಆಯ್ತು?

ಹೋದ ಭಾನುವಾರ ನಮ್ಮ ‘ದೊಡ್ಡಮನೆ ಬಳಗ’ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಮನೆಯವರನ್ನು ಕೇಳಿಯೇ ಹಾಕುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ, ನಡುವೆ ಬಂದ ಶುಭೋದಯಗಳನ್ನೂ ಛತ್ರ ಬುಕ್ ಮಾಡುವ ವಿಚಾರವನ್ನೂ ತೆಗೆದಿದ್ದೇನೆ. ಉಳಿದದ್ದೆಲ್ಲ ಇದ್ದ ಹಾಗೇ ಇದೆ.

ರಘು ಅಣ್ಣ: (ಚಿತ್ರ) ಇದು ನಮ್ಮ ಕಂಪನಿಯ ಈ ವರ್ಷದ ಪೋಸ್ಟರ್. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಒಂಬತ್ತು ಗುರಿಗಳಿಗೆ ನಾವು ಕೆಲಸ ಮಾಡ್ತಿದ್ದೀವಿ. ಸಸಿ ನೆಡೋದು, ಸರ್ಕಾರಿ ಶಾಲೆಗೆ ಬಣ್ಣ, ಕುಡಿಯೋ ನೀರಿನ ಘಟಕ, ಆರೋಗ್ಯ ಶಿಬಿರ. ನಮ್ಮ ಟೀಮೇ ಮಾಡಿದ್ದು. ಎಲ್ರೂ ನೋಡಿ, ಸಾಧ್ಯವಾದ್ರೆ ಸ್ಟೇಟಸ್‌ಗೆ ಹಾಕಿ.

ದೊಡ್ಡಪ್ಪ: ಬಹಳ ಸಂತೋಷ ಆಯ್ತಪ್ಪ. ವ್ಯಾಪಾರ ಮಾಡೋರು ಸಮಾಜಕ್ಕೂ ಏನಾದ್ರೂ ಕೊಡಬೇಕು.

ಮದ್ದೂರು ಅತ್ತೆ: ಒಳ್ಳೇದಾಗ್ಲಿ ರಘು. ಫೋಟೋದಲ್ಲಿ ನೀನು ಎಲ್ಲಿದ್ದೀಯ?

ಚಿಕ್ಕಪ್ಪ: ಇಂಥದ್ದೇ ಬೋರ್ಡು ನಮ್ ಫ್ಯಾಕ್ಟ್ರಿ ಗೇಟಲ್ಲೂ ಐತೆ ಕಣಪ್ಪ. ಬಣ್ಣಬಣ್ಣದ ಹದಿನೇಳು ಚೌಕ. ಕಬ್ಬು ತುಂಬ್ಕೊಂಡು ಟ್ರ್ಯಾಕ್ಟ್ರು ಸಾಲಾಗಿ ನಿಲ್ಸಿರ್ತೀವಲ್ಲ, ಅಲ್ಲೇ ಹಾಕವ್ರೆ. ಕಬ್ಬಿನ ದುಡ್ಡು ಮಾತ್ರ ಇನ್ನೂ ಬಂದಿಲ್ಲ. ಮೂರು ತಿಂಗಳು ಆಯ್ತಾ ಬಂತು.

ರಘು ಅಣ್ಣ: ಅದು ಬೇರೆ ವಿಚಾರ ಚಿಕ್ಕಪ್ಪ. ಪೇಮೆಂಟ್ ಸಮಸ್ಯೆಗೂ ಇದಕ್ಕೂ ಸಂಬಂಧ ಇಲ್ಲ.

ನಾನು: ಬೇರೆ ವಿಚಾರ ಅಲ್ಲ ಅಣ್ಣ. ಅದೇ ವಿಚಾರ.

ರಘು ಅಣ್ಣ: ಹೇಗೆ ಶೈಲಾ? ಒಳ್ಳೆ ಕೆಲಸ ಮಾಡಿದ್ರೂ ತಪ್ಪು ಹುಡುಕೋದಾದ್ರೆ ಯಾವ ಕಂಪನಿ ಮುಂದೆ ಬರತ್ತೆ? ಆ ನೀರಿನ ಘಟಕದಿಂದ ಒಂದಿಡೀ ಊರು ಕುಡೀತಿದೆ. ನಾನೇ ಹೋಗಿ ನೋಡಿದ್ದೀನಿ.

ನಾನು: ಆ ನೀರು ಸುಳ್ಳು ಅಂತ ನಾನು ಹೇಳ್ತಿಲ್ಲ. ಒಂದು ಲೆಕ್ಕ ನೋಡು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನ ಸಿಎಸ್‌ಆರ್‌ಗೆ, ಅಂದ್ರೆ ಸಮಾಜದ ಕೆಲಸಕ್ಕೆ, ಖರ್ಚು ಮಾಡಬೇಕು. 1000 ಕೋಟಿ ವಹಿವಾಟು ಮಾಡಿ 100 ಕೋಟಿ ಲಾಭ ನೋಡೋ ಕಂಪನಿ ಅಂದ್ಕೋ. ಸಿಎಸ್‌ಆರ್ ಎಷ್ಟು? 2 ಕೋಟಿ. ನಿನ್ನ ಪೋಸ್ಟರ್‌ನಲ್ಲಿ ಇರೋದೆಲ್ಲ ಆ 2 ಕೋಟಿಯ ಕೆಲಸ. ಮಿಕ್ಕ 998 ಕೋಟಿ ಹೇಗೆ ಬಂತು, ಯಾರಿಗೆ ಹೋಯ್ತು, ಯಾವತ್ತು ಹೋಯ್ತು, ಎಲ್ಲಿಂದ ನೀರು ತಗೊಂಡು ಎಂಥ ನೀರು ಬಿಟ್ಟಿರಿ, ಇದಕ್ಕೆಲ್ಲ ಪೋಸ್ಟರ್‌ನಲ್ಲಿ ಜಾಗವೇ ಇಲ್ಲ.

ಇನ್ನೊಂದು ಮಾತು. ಕಂಪನಿ ತನ್ನ ಮಾಮೂಲಿ ವ್ಯವಹಾರದ ಭಾಗವಾಗಿ ಮಾಡೋ ಕೆಲಸ ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ, ತನ್ನ ನೌಕರರಿಗೆ ಮಾತ್ರ ಅನುಕೂಲ ಆಗೋದೂ ಬರಲ್ಲ ಅಂತ ನಿಯಮದಲ್ಲೇ ಇದೆ. ಸರಿಯಾದ ನಿಯಮ ಅದು, ಇಲ್ಲದಿದ್ರೆ ಸಂಬಳ ಕೊಟ್ಟಿದ್ದನ್ನೂ ದಾನ ಅಂತ ಬರ್ಕೊಳ್ತಿದ್ರು. ಆದ್ರೆ ಯೋಚನೆ ಮಾಡು. ಸರಿಯಾದ ಕೂಲಿ, ಕೆಲಸದ ಜಾಗದಲ್ಲಿ ಸುರಕ್ಷತೆ, ಸಪ್ಲೈಯರ್ ಬಿಲ್ಲು, ಫ್ಯಾಕ್ಟರಿಯ ಕೊಳಕು ನೀರನ್ನ ಶುದ್ಧ ಮಾಡಿ ಬಿಡೋದು, ತೆರಿಗೆ ಕಟ್ಟೋದು. ಆ 17 ಗುರಿಗಳಿಗೆ ನಿಜವಾಗಿ ಆಸರೆ ಆಗೋದು ಇವೇ. ಇವೆಲ್ಲ ಸಿಎಸ್‌ಆರ್‌ನ ಹೊರಗಿವೆ. ಹಾಗಿದ್ದಾಗ ಸಿಎಸ್‌ಆರ್ ಫೋಟೋ ಹಾಕಿ 9 ಗುರಿಗೆ ಕೆಲಸ ಮಾಡಿದ್ವಿ ಅನ್ನೋದು ಹೇಗೆ?

ಸವಿತಾ: ಭಾವ, ನಾನೂ ಒಂದು ಹೇಳ್ತೀನಿ, ಬೇಜಾರಾಗಬೇಡಿ. ನಮ್ಮ ಗಾರ್ಮೆಂಟ್ಸಲ್ಲಿ ಮಹಿಳಾ ದಿನದ ದಿವಸ ಎಲ್ರಿಗೂ ಗುಲಾಬಿ ಕೊಟ್ಟು, 5ನೇ ಗುರಿ, ಲಿಂಗ ಸಮಾನತೆ ಅಂತ ಬ್ಯಾನರ್ ಹಿಡಿಸಿ ಫೋಟೋ ತೆಗೆದ್ರು. ಅವತ್ತೂ ಮಕ್ಕಳನ್ನ ನೋಡ್ಕೊಳ್ಳೋ ಕ್ರೆಷ್ ರೂಮಿಗೆ ಬೀಗ. ಒಳಗಡೆ ಕಾರ್ಟನ್ ಬಾಕ್ಸ್ ಜೋಡಿಸಿಟ್ಟವ್ರೆ. ಇನ್ಸ್‌ಪೆಕ್ಷನ್ ಅಂದ್ರೆ ಖಾಲಿ ಮಾಡಿ ತೊಟ್ಟಿಲು ಕಟ್ತಾರೆ. ಸಣ್ಣ ಮಕ್ಕಳಿರೋ ಹೆಣ್ಮಕ್ಕಳು ಏನ್ ಮಾಡ್ತಾರೆ? ಊರಲ್ಲಿ ಅತ್ತೆ ನೋಡ್ಕೊಂಡ್ರೆ ಸರಿ, ಇಲ್ಲಾಂದ್ರೆ ಕೆಲಸ ಬಿಡ್ತಾರೆ. ಬಿಡೋರೆಲ್ಲ ಕೈ ಪಳಗಿದ ಟೈಲರ್‌ಗಳೇ. ಹೊಸಬ್ರನ್ನ ಮೆಷಿನ್ ಮೇಲೆ ಕೂರಿಸಿದ್ರೆ ಟಾರ್ಗೆಟ್ ಬರಲ್ಲ, ಬೈಗುಳ ಸೂಪರ್‌ವೈಸರ್ ಅಂತ ನನಗೆ.

ನಾನು: 50 ಜನ ಅಥವಾ ಹೆಚ್ಚು ಕೆಲಸ ಮಾಡೋ ಕಡೆ ಕ್ರೆಷ್ ಇರಲೇಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲೇ ತಿದ್ದುಪಡಿ ಆಗಿದೆ ಸವಿತಾ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡ್ಕೊಂಡು ಬರಬಹುದು ಅಂತಲೂ ಇದೆ.

ಸವಿತಾ: ನಾಲ್ಕು ಸಲ ಬಿಡಿ ಅತ್ತಿಗೆ, ಬಾತ್‌ರೂಮಿಗೆ ಎರಡನೇ ಸಲ ಎದ್ರೆ ಕೇಳ್ತಾರೆ.

ಮದ್ದೂರು ಅತ್ತೆ: ಸವಿತಾ, ಎಲ್ಲಾ ಗುಂಪಲ್ಲಿ ಹಾಕಬೇಡ. ಕೆಲಸಕ್ಕೆ ತೊಂದ್ರೆ ಆಗತ್ತೆ.

ಸವಿತಾ: ನಮ್ಮನೆಯವರೇ ತಾನೇ ಅಮ್ಮ.

ರಘು ಅಣ್ಣ: ಸವಿತಾ ಹೇಳಿದ್ದು ಕಾನೂನು ಮುರಿದಿರೋದು. ಅದನ್ನ ನಾನೂ ಒಪ್ಪಲ್ಲ. ಆದ್ರೆ ಎಲ್ಲಾ ಕಂಪನಿನೂ ಅದೇ ತಕ್ಕಡಿಯಲ್ಲಿ ತೂಗಬೇಡಿ. ಶೈಲಾ, ಸಣ್ಣವರು ಮಾತ್ರ ಸಾಚಾನಾ? ಇಂಡಸ್ಟ್ರಿಯಲ್ ಏರಿಯಾದಲ್ಲಿ ಚಿಕ್ಕ ಯೂನಿಟ್‌ಗಳು ಇಎಸ್‌ಐ ಕಟ್ಟಲ್ಲ, ಎಣ್ಣೆ ನೀರು ಚರಂಡಿಗೆ ಬಿಡ್ತಾರೆ. ಅದನ್ನೂ ಹೇಳು.

ನಾನು: ಹೇಳ್ತೀನಿ. ಬಿಡೋರು ಇದ್ದಾರೆ, ಅದು ತಪ್ಪೇ. ನಮ್ಮ ಹೆಬ್ಬಾಳದ ಯೂನಿಟ್‌ನಲ್ಲಿ ಹುಡುಗರಿಗೆಲ್ಲ ಇಎಸ್‌ಐ ಇದೆ. ಹಳೇ ಕಟಿಂಗ್ ಆಯಿಲ್ ಡ್ರಮ್‌ನಲ್ಲಿ ತುಂಬಿಸಿ ಅನುಮತಿ ಇರೋ ರೀಸೈಕ್ಲರ್‌ಗೆ ಕೊಡ್ತೀವಿ, ರಸೀದಿ ಫೈಲ್‌ನಲ್ಲಿದೆ. ಇದೆಲ್ಲ ಮಾಡೋಕೆ ಕೈಯಲ್ಲಿ ಕಾಸು ಓಡಾಡ್ತಾ ಇರಬೇಕು ಅಣ್ಣ. ಒಂದು ದೊಡ್ಡ ಕಂಪನಿ (ನಿಂದಲ್ಲ) ನಮ್ಮ ಬಿಲ್ಲನ್ನ ನಾಲ್ಕು ತಿಂಗಳಿಂದ ಹಿಡ್ಕೊಂಡಿದೆ. ಮಾಲು ಪಾಸಾಗಿದೆ, ಜಿಎಸ್‌ಟಿ ನಾವು ಕಟ್ಟಾಗಿದೆ, ದುಡ್ಡು ಮಾತ್ರ ‘ಪ್ರೊಸೆಸ್’ನಲ್ಲಿದೆ. ನಾವು ಓವರ್‌ಡ್ರಾಫ್ಟ್‌ಗೆ ಬಡ್ಡಿ ಕಟ್ಟಿ ಹುಡುಗರ ಸಂಬಳ ಕೊಡ್ತಿದ್ದೀವಿ. ಅಂದ್ರೆ ಸಾವಿರಾರು ಕೋಟಿ ಕಂಪನಿಗೆ ನಮ್ಮಂಥವರು ಬಡ್ಡಿ ಇಲ್ಲದೆ ಸಾಲ ಕೊಟ್ಟ ಹಾಗಾಯ್ತು. ಅದೇ ಕಂಪನಿಯ ರಿಸೆಪ್ಷನ್‌ನಲ್ಲಿ 8ನೇ ಗುರಿ ಇದೆ. ಗೌರವದ ದುಡಿಮೆ, ಆರ್ಥಿಕ ಬೆಳವಣಿಗೆ. ಚೆಕ್ ಕೇಳೋಕೆ ಹೋದಾಗಲೆಲ್ಲ ಅದರ ಕೆಳಗಿನ ಸೋಫಾದಲ್ಲೇ ಕೂರೋದು ನಾನು.

ಚಿಕ್ಕಪ್ಪ: ನಂದೂ ಅದೇ ಕತೆ ಮಗ. ಹನಿ ನೀರಾವರಿ ಮಾಡಿ, ನೀರು ಉಳಿಸಿ ಅಂತ ಫ್ಯಾಕ್ಟ್ರಿಯೋರು ತರಬೇತಿ ಕೊಟ್ರು, ಊಟ ಹಾಕಿದ್ರು, ಟೋಪಿ ಕೊಟ್ರು. ಒಳ್ಳೆ ಮಾತೇ ಹೇಳಿದ್ರು, ಇಲ್ಲ ಅನ್ನಾಕಿಲ್ಲ. ನಾಲೆ ಕೊನೇಲಿ ಇರೋರು ನಾವು, ನೀರಿನ ಬೆಲೆ ನಮಗೆ ಗೊತ್ತಿಲ್ವಾ? ಆದ್ರೆ ಪೈಪು ಹಾಕಾಕೆ ದುಡ್ಡು ಎಲ್ಲಿಂದ ತರ್ಲಿ? ಕಬ್ಬಿನ ದುಡ್ಡು ಬಂದ್ರೆ ತಾನೇ? ಬರದೆ ಇದ್ದುದ್ದಕ್ಕೆ ನಿಮ್ ಚಿಕ್ಕಮ್ಮನ ಸರ ಬ್ಯಾಂಕಲ್ಲಿ ಕೂತದೆ. ಫ್ಯಾಕ್ಟ್ರಿಯಿಂದ ಕಟಿಂಗ್ ಆರ್ಡರ್ ತಡ ಆದ್ರೆ ಕಬ್ಬು ಒಣಗ್ತದೆ, ಕಡಿಯೋ ಗ್ಯಾಂಗಿನೋರು ತರಗಿಗೆ ಬೆಂಕಿ ಹಾಕ್ತೀವಿ ಅಂತಾರೆ. ಆಮೇಲೆ ಹೊಗೆ ಮಾಡ್ದೋರು ರೈತ್ರು ಅಂತ ಪೇಪರಲ್ಲಿ ಬತ್ತದೆ.

ನಾನು: ನೋಡಿದ್ಯಾ ಅಣ್ಣ, ದುಡ್ಡು ತಡ ಆಗಿದ್ದಕ್ಕೆ ನೀರಿನ ಗುರಿ ನಿಂತಿತು. ಕಟಾವು ತಡ ಆಗಿದ್ದಕ್ಕೆ ಗಾಳಿ ಕೆಟ್ಟಿತು. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡ ಆದ್ರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು ಅಂತಿದೆ. ಈ 17 ಗುರಿ ಬರೋಕೆ ಅರ್ಧ ಶತಮಾನ ಮುಂಚಿನ ಮಾತು ಅದು.

ದೊಡ್ಡಪ್ಪ: ಎಲ್ಲರ ಮಾತೂ ಓದಿದೆ. ಒಂದು ಮರೀಬೇಡಿ. ಕನ್ನಂಬಾಡಿ ಕಟ್ಟಿ, ನಾಲೆ ಬಂದು, 1933ರಲ್ಲಿ ಮೈಷುಗರ್ ಶುರುವಾದ ಮೇಲೇ ಮಂಡ್ಯ ಬೆಳೆದದ್ದು. ಜಿಲ್ಲೆ ಆದದ್ದು 1939ರಲ್ಲಿ. ಇಲ್ಲಿ ಮೈಸೂರಿನಲ್ಲಿ 1912ರಲ್ಲಿ ರೇಷ್ಮೆ ಕಾರ್ಖಾನೆ ಬಂತು. ಕಾರ್ಖಾನೆ ಇಲ್ಲದೆ ಅಭಿವೃದ್ಧಿ ಇಲ್ಲ. ಉದ್ಯಮವನ್ನ ಹೀಗೆ ಬೈತಾ ಹೋದ್ರೆ ನಮ್ಮ ಮಕ್ಕಳಿಗೆ ಕೆಲಸ ಎಲ್ಲಿ?

ನಾನು: ದೊಡ್ಡಪ್ಪ, ನಾನು ಹೇಳ್ತಿರೋದೂ ಅದನ್ನೇ. ಕಾರ್ಖಾನೆ ಮಂಡ್ಯವನ್ನ ಬೆಳೆಸಿದ್ದು ಯಾವುದರಿಂದ? ಕಬ್ಬು ಕೊಂಡಿದ್ದರಿಂದ, ಕೆಲಸ ಕೊಟ್ಟಿದ್ದರಿಂದ. ಶಾಲೆಗೆ ಬಣ್ಣ ಹೊಡೆಸಿದ್ದರಿಂದ ಅಲ್ಲ. ನಾನು ಉದ್ಯಮ ಬೇಡ ಅನ್ನೋಳಲ್ಲ, ನಾನೇ ಉದ್ಯಮ ನಡೆಸ್ತಿದ್ದೀನಿ. ವ್ಯಾಪಾರವನ್ನೇ ನೆಟ್ಟಗೆ ಮಾಡಿದ್ರೆ ಅದೇ ದೊಡ್ಡ ಸೇವೆ ಅಂತ ನನ್ನ ವಾದ. 2015ರ ಸೆಪ್ಟೆಂಬರ್‌ನಲ್ಲಿ 193 ದೇಶ ಒಪ್ಪಿದ ಗುರಿಗಳಿವು, ಗಡುವು 2030. ಲೆಕ್ಕ ಹಾಕಬಹುದಾದ ಉಪಗುರಿಗಳಲ್ಲಿ ಶೇ 17 ಮಾತ್ರ ಸರಿದಾರಿಯಲ್ಲಿವೆ ಅಂತ 2024ರಲ್ಲಿ ವಿಶ್ವಸಂಸ್ಥೆಯ ವರದಿಯೇ ಹೇಳಿತು. ಪೋಸ್ಟರ್‌ಗೇನೂ ಕಡಿಮೆ ಇಲ್ಲ.

ರಘು ಅಣ್ಣ: ಸರಿ. ಹಾಗಾದ್ರೆ ಕಂಪನಿ ಏನು ಮಾಡಬೇಕು ಅಂತ ನೇರವಾಗಿ ಹೇಳು. ನಾನು ಎಂಡಿ ಅಲ್ಲ. ನನ್ನ ಕೈಲಿ ಆಗೋದನ್ನ ಹೇಳು.

ನಾನು: ನಿಮ್ಮದು ಷೇರುಪೇಟೆಯಲ್ಲಿರೋ ದೊಡ್ಡ ಕಂಪನಿ. ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಮೊದಲ 1000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ (ಹೊಣೆಗಾರಿಕೆ, ಸುಸ್ಥಿರತೆಯ) ವರದಿ ಕೊಡಲೇಬೇಕು, ಅದು ನಿನ್ನ ಡಿಪಾರ್ಟ್‌ಮೆಂಟ್‌ನದೇ ಕೆಲಸ. 2023ರಲ್ಲಿ ಸೆಬಿ ಅದಕ್ಕೆ ‘ಕೋರ್’ ಅಂತ ಒಂದು ಭಾಗ ಸೇರಿಸ್ತು. ಎಷ್ಟು ನೀರು ಬಳಸಿದ್ರಿ, ಒಟ್ಟು ಸಂಬಳದಲ್ಲಿ ಹೆಂಗಸರಿಗೆ ಹೋದದ್ದು ಎಷ್ಟು ಪಾಲು, ಸಣ್ಣ ಉದ್ದಿಮೆಗಳಿಂದ ಕೊಂಡದ್ದು ಎಷ್ಟು, ಜೊತೆಗೆ ಕೊಡಬೇಕಾದ ಬಿಲ್ಲು ಸರಾಸರಿ ಎಷ್ಟು ದಿನ ಬಾಕಿ ಇರತ್ತೆ, ಇವನ್ನೆಲ್ಲ ಅಂಕಿಯಲ್ಲಿ ಬರೀಬೇಕು. ಆ ಕೊನೇ ಅಂಕಿ ನೋಡು. ನಿಮ್ಮ ವಾರ್ಷಿಕ ವರದಿಯಲ್ಲೇ ಇರತ್ತೆ.

ಅರ್ಧ ಗಂಟೆ ಅಣ್ಣನಿಂದ ಏನೂ ಬರಲಿಲ್ಲ. ಆ ಹೊತ್ತಿನಲ್ಲಿ ಅತ್ತೆ ಛತ್ರದ ಬಾಡಿಗೆ ಹಾಕಿದರು.

ರಘು ಅಣ್ಣ: ಸಿಕ್ತು. 45 ದಿನ ದಾಟಿದೆ. ಜಾಸ್ತಿನೇ ದಾಟಿದೆ. ನಿಜ ಹೇಳಬೇಕು ಅಂದ್ರೆ ಈ ಸಾಲನ್ನ ನಾವು ಫೈನಾನ್ಸ್‌ನವರಿಂದ ತಗೊಂಡು ಹಾಗೇ ಹಾಕಿಬಿಡ್ತೀವಿ, ಅದರ ಬಗ್ಗೆ ಮೀಟಿಂಗ್‌ನಲ್ಲಿ ಯಾರೂ ಮಾತಾಡಲ್ಲ. ಆದ್ರೆ ಅದು ಸರಾಸರಿ. ವಿದೇಶದ ದೊಡ್ಡ ಸಪ್ಲೈಯರ್‌ಗಳೂ ಅದರಲ್ಲಿದ್ದಾರೆ.

ನಾನು: ಅದಕ್ಕೇ ಸಣ್ಣವರದ್ದನ್ನ ಬೇರೆ ಮಾಡಿ ಕೇಳು. ಸೂಕ್ಷ್ಮ, ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದ್ರೆ 45 ದಿನ, ಬರಹದ ಒಪ್ಪಂದ ಇಲ್ಲದಿದ್ರೆ 15 ದಿನ ಅಂತ 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳತ್ತೆ. ದಾಟಿದ್ರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದ್ರು, ಗಡುವು ಮೀರಿದ ಬಿಲ್ಲನ್ನ ದುಡ್ಡು ಕೊಟ್ಟ ವರ್ಷದಲ್ಲಷ್ಟೇ ಖರ್ಚಿಗೆ ತೋರಿಸಬಹುದು. ಅದಾದ ಮೇಲೆ ‘ಸಣ್ಣ ಉದ್ದಿಮೆ ಅಂತ ಮಾಡಿಸಿರೋ ಉದ್ಯಮ್ ನೋಂದಣಿ ಬಿಟ್ಟುಬಿಡಿ, ಆರ್ಡರ್ ಕೊಡ್ತೀವಿ’ ಅಂತ ಒಬ್ಬರು ಪರ್ಚೇಸ್ ಮ್ಯಾನೇಜರ್ ನಮಗೇ ಹೇಳಿದ್ರು. ನಾವು ಬಿಡಲಿಲ್ಲ. ಆರ್ಡರ್ ಬರಲಿಲ್ಲ.

ರಘು ಅಣ್ಣ: ದೂರು ಕೊಡಬಹುದಲ್ಲ? ಬಾಕಿ ಬಿಲ್ಲಿನ ದೂರಿಗೆ ಸರ್ಕಾರದ ಪೋರ್ಟಲ್ ಇದೆ.

ನಾನು: ಇದೆ. ಕೊಟ್ಟ ಮಾರನೇ ದಿನದಿಂದ ಆ ಕಂಪನಿ ನಮಗೆ ಕೆಲಸ ಕೊಡಲ್ಲ. ಅದಕ್ಕೇ ಒಳಗಿರೋ ನಿನ್ನಂಥವರು ಕೇಳಬೇಕು ಅಂತಿರೋದು. ನೀನು ಕೇಳಿದ್ರೆ ಯಾರ ಆರ್ಡರ್ರೂ ಹೋಗಲ್ಲ.

ರಘು ಅಣ್ಣ: ಕೇಳ್ತೀನಿ. 45 ದಿನ ದಾಟಿರೋ ಸಣ್ಣ ಸಪ್ಲೈಯರ್‌ಗಳ ಪಟ್ಟಿ ಕೊಡಿ ಅಂತ ಸೋಮವಾರ ಫೈನಾನ್ಸ್‌ಗೆ ಮೇಲ್ ಹಾಕ್ತೀನಿ. ಕೊಡ್ತಾರೋ ಇಲ್ವೋ ಗೊತ್ತಿಲ್ಲ. ಕೊಟ್ರೆ ಮುಂದಿನ ವರದಿಯಲ್ಲಿ ಅದನ್ನ ಬೇರೆ ಸಾಲಾಗಿ ಹಾಕೋಕೆ ಜಗಳ ಆಡ್ತೀನಿ. ಆದ್ರೆ ಪೋಸ್ಟರ್ ತೆಗೆಯಲ್ಲ ಶೈಲಾ. ಆ ಊರಿಗೆ ನೀರು ಬಂದಿದ್ದು ನಿಜ.

ದೊಡ್ಡಪ್ಪ: ತೆಗೀಬೇಡ. ಸಸಿನೂ ನೆಡಿ, ಬಿಲ್ಲೂ ಕೊಡಿ.

ಸವಿತಾ: ಭಾವ, ನಮ್ಮ ಬಟ್ಟೆ ಕೊಳ್ಳೋ ವಿದೇಶಿ ಬ್ರ್ಯಾಂಡಿನವರು ವರ್ಷಕ್ಕೊಂದ್ಸಲ ಆಡಿಟ್‌ಗೆ ಬರ್ತಾರೆ. ಹೇಳದೆ ಬರೋ ಹಾಗೆ ಮಾಡೋಕಾಗತ್ತಾ?

ರಘು ಅಣ್ಣ: ಬಹಳಷ್ಟು ಬ್ರ್ಯಾಂಡ್‌ಗಳಿಗೆ ಹೆಸರು ಹೇಳದೆ ದೂರು ಕೊಡೋ ನಂಬರ್ ಇರತ್ತೆ. ಸಾಮಾನ್ಯವಾಗಿ ನೋಟಿಸ್ ಬೋರ್ಡ್‌ನಲ್ಲಿ ಹಾಕಿರ್ತಾರೆ. ಇದ್ರೆ ಫೋಟೋ ತೆಗೆದು ನನಗೊಬ್ಬನಿಗೇ ಕಳಿಸು, ಗುಂಪಲ್ಲಿ ಬೇಡ.

ಚಿಕ್ಕಪ್ಪ: ಶೈಲಾ, ಆ ಶೇ 15 ಬಡ್ಡಿ ಅಂದ್ಯಲ್ಲ, ಯಾರ್ಗೆ ಅರ್ಜಿ ಕೊಡ್ಬೇಕು?

ನಾನು: ರಾಜ್ಯದ ಕಬ್ಬು ಅಭಿವೃದ್ಧಿ ಆಯುಕ್ತರಿಗೆ ಒಂದು, ಮಂಡ್ಯ ಡಿಸಿ ಆಫೀಸಿಗೆ ಒಂದು ಪ್ರತಿ. ನೀವೊಬ್ಬರೇ ಬೇಡ ಚಿಕ್ಕಪ್ಪ, ಊರಿನ ಎಲ್ಲರದ್ದೂ ಸೇರಿಸಿ ಕೊಡೋಣ. ತೂಕದ ಚೀಟಿಗಳ ಫೋಟೋ ತೆಗೆದು ಕಳ್ಸಿ. ತಾರೀಕು ಕಾಣೋ ಹಾಗೆ ತೆಗೀರಿ. ಅರ್ಜಿ ನಾನು ಟೈಪ್ ಮಾಡ್ತೀನಿ.

ಚಿಕ್ಕಪ್ಪ: ಕಳಿಸ್ತೀನಿ ಮಗ. ವಸಿ ತಡಿ, ತ್ರೀ ಫೇಸ್ ಬಂದದೆ, ಮೋಟ್ರು ಹಾಕ್ಬುಟ್ಟು ಬತ್ತೀನಿ.